ಮೂರು ಚೆಂಡು, ಹನ್ನೊಂದು ಚೆಂಡು

ಸರ್ಕಸ್ಸಿನ ಡೇರೆಯಲ್ಲಿ ಆಟಗಾರನೊಬ್ಬನು ಮೂರು ಚೆಂಡುಗಳನ್ನು ಒಂದಾದ ಮೇಲೊಂದರಂತೆ ಮೇಲಕ್ಕೆ ಚಿಮ್ಮುತ್ತ, ಯಾವುದನ್ನೂ ನೆಲಕ್ಕೆ ಬೀಳಗೊಡದೆ ಆಡಿಸುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಜಗ್ಲಿಂಗ್ ಎಂದು ಹೆಸರು. ಕೈಗಳು ಎರಡು, ಚೆಂಡುಗಳು ಮೂರು. ಆದುದರಿಂದ ಒಂದು ಕೈಗೆ ಒಂದೇ ಚೆಂಡು ಎಂದು ಇಟ್ಟುಕೊಂಡರೆ, ಒಂದಾದರೂ ಚೆಂಡು ಯಾವಾಗಲೂ ಗಾಳಿಯಲ್ಲಿ ಇರಲೇಬೇಕು. ಆಟದ ಸ್ವಾರಸ್ಯವೆಲ್ಲ ಇದರಲ್ಲಿಯೇ ಇದೆ.

ಮನಸ್ಸಿಟ್ಟು ಕಲಿತರೆ ಮೂರು ಚೆಂಡುಗಳ ಆಟ ಹಲವರಿಗೆ ಕೆಲವು ದಿನಗಳಲ್ಲಿ ಕೈಗೂಡುವುದು. ಐದು ಚೆಂಡುಗಳಿಗೆ ತಿಂಗಳುಗಳು ಬೇಕು; ಎಷ್ಟೋ ಮಂದಿಗೆ ಒಂದು ವರ್ಷವೇ ಹಿಡಿಯುವುದು. ಏಳನ್ನು ಆಡಬಲ್ಲವರು ವರ್ಷಗಟ್ಟಲೆ ಸಾಧನೆ ಮಾಡಿದವರು. ಹನ್ನೊಂದನ್ನು ಆಡಬಲ್ಲವರು ಜಗತ್ತಿನಲ್ಲಿಯೇ ವಿರಳ. 2012ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಬ್ಯಾರನ್ ಎಂಬಾತನು ಹನ್ನೊಂದು ಚೆಂಡುಗಳನ್ನು ಆಡಿಸಿ 23 ಬಾರಿ ಹಿಡಿದುದು ಒಂದು ದಾಖಲೆಯಾಯಿತು. ಇಪ್ಪತ್ತಮೂರು ಹಿಡಿತಗಳೆಂದರೆ ಪ್ರತಿಯೊಂದು ಚೆಂಡೂ ಎರಡೆರಡು ಸಲ ಕೈಗೆ ಬಂದು, ಮೇಲೆ ಒಂದೇ ಒಂದು ಹಿಡಿತ! ಕೆಲವೇ ಸೆಕೆಂಡುಗಳ ಆಟ. ಅಷ್ಟಕ್ಕಾಗಿ ಒಬ್ಬ ಮನುಷ್ಯನು ವರ್ಷಗಳ ಶ್ರಮವನ್ನು ತೆತ್ತಿರುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುವುದು. ಅರಸೀಕೆರೆ, ಗಂಡಸಿಗಳದು ತೆಂಗಿನ ಸೀಮೆ. ಅಲ್ಲಿ ಮೂರು ತೆಂಗಿನಕಾಯಿಗಳನ್ನು ಹೊರುವ ಹುಡುಗನಿಗೆ ಹನ್ನೊಂದನ್ನು ಹೊರಿಸಿದರೆ ಅವನ ಹೊರೆ ನಾಲ್ಕು ಪಟ್ಟಿಗಿಂತ ಸ್ವಲ್ಪ ಕಡಿಮೆಯೇ ಆಗುವುದು. ಹೊರೆ ಹೆಚ್ಚಿತು, ನಿಜ. ಆದರೆ ಕೆಲಸ ಅದೇ. ಚೆಂಡಾಟದಲ್ಲಿಯೂ ಹೀಗೆಯೇ ಏಕೆ ಆಗಬಾರದು? ಮೂರನ್ನು ದಿನಗಳಲ್ಲಿ ಕಲಿತವನು ಹನ್ನೊಂದನ್ನು ಅದರ ನಾಲ್ಕು ಪಟ್ಟು ದಿನಗಳಲ್ಲಿ ಏಕೆ ಕಲಿಯಲಾರ? ಕೈಚಳಕ ಸಾಲದೆಂದು ಹೇಳಿ ಸುಮ್ಮನಾಗುವವರುಂಟು. ಆದರೆ ಲೆಕ್ಕ ಹಾಕಿ ನೋಡಿದರೆ, ಕೆಲವು ಚೆಂಡುಗಳ ಆಟವೂ ಹಲವು ಚೆಂಡುಗಳ ಆಟವೂ ಒಂದೇ ಆಟದ ಚಿಕ್ಕ ದೊಡ್ಡ ರೂಪಗಳಲ್ಲ, ಎರಡು ಬೇರೆ ಬೇರೆ ಆಟಗಳು ಎಂಬುದು ಸ್ಪಷ್ಟವಾಗುವುದು. ಆ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು.

ಅಣ್ಣೆಕಲ್ಲಿನ ಪಾಠ

ಮೊದಲು ನಮ್ಮ ಹಳ್ಳಿಗಳ ಜಗಲಿಯ ಮೇಲೆ ಆಡುವ ಒಂದು ಆಟವನ್ನು ನೋಡೋಣ. ಹಾಸನದ ಸೀಮೆಯಲ್ಲಿಯೂ ಹಳೆಯ ಮೈಸೂರಿನ ಇತರ ಕಡೆಗಳಲ್ಲಿಯೂ ಹೆಣ್ಣುಮಕ್ಕಳು ಬಹುಕಾಲದಿಂದ ಆಡಿಕೊಂಡು ಬಂದಿರುವ ಅಣ್ಣೆಕಲ್ಲು ವಾಚಕರಿಗೆ ತಿಳಿದೇ ಇದೆ. ಐದು ನುಣುಪಾದ ಕಲ್ಲುಗಳನ್ನು ನೆಲದ ಮೇಲೆ ಚೆಲ್ಲಬೇಕು. ಒಂದನ್ನು ಕೈಗೆ ತೆಗೆದುಕೊಂಡು ಮೇಲಕ್ಕೆ ಎಸೆಯಬೇಕು. ಅದು ಕೆಳಗೆ ಬರುವುದರೊಳಗಾಗಿ ಅದೇ ಕೈಯಿಂದ ನೆಲದ ಮೇಲಿನ ಒಂದು ಕಲ್ಲನ್ನು ಎತ್ತಿಕೊಂಡು, ಬೀಳುವ ಕಲ್ಲನ್ನೂ ಹಿಡಿಯಬೇಕು. ಮುಂದಿನ ಸುತ್ತಿನಲ್ಲಿ ಎರಡೆರಡು ಕಲ್ಲುಗಳು, ಆಮೇಲೆ ಮೂರು, ಕೊನೆಗೆ ನಾಲ್ಕನ್ನೂ ಒಮ್ಮೆಗೇ ಬಾಚಬೇಕು.

ಕಲ್ಲನ್ನು ಕೈಯಿಂದ ಅರ್ಧ ಮೀಟರು ಎತ್ತರಕ್ಕೆ ಎಸೆದರೆಂದು ಇಟ್ಟುಕೊಳ್ಳಿ. ಅದು ಏರಿ ಇಳಿಯಲು ಸುಮಾರು 0.64 ಸೆಕೆಂಡು ಹಿಡಿಯುವುದು. ಹುಡುಗಿಗೆ ದೊರೆಯುವ ಬಿಡುವು ಇಷ್ಟೇ. ನಾಲ್ಕು ಕಲ್ಲುಗಳನ್ನು ಬಾಚಲು ಈ ಬಿಡುವು ಸಾಲದು, ಎರಡರಷ್ಟು ಬೇಕು ಎಂದರೆ ಏನು ಮಾಡಬೇಕು? ಕಲ್ಲನ್ನು ಎರಡರಷ್ಟು ಎತ್ತರಕ್ಕೆ, ಎಂದರೆ ಒಂದು ಮೀಟರಿಗೆ, ಎಸೆದರೆ ಸಾಕೆ? ಸಾಲದು. ಎರಡು ಮೀಟರು ಎತ್ತರಕ್ಕೆ ಎಸೆಯಬೇಕು.

ಏಕೆಂದರೆ ಗುರುತ್ವಾಕರ್ಷಣೆಯಿಂದ ಬೀಳುವ ವಸ್ತು ಕ್ರಮಿಸುವ ದೂರವು ಕಾಲದಂತೆ ಅಲ್ಲ, ಕಾಲದ ವರ್ಗದಂತೆ ಬೆಳೆಯುವುದು. ಅರ್ಧ ಸೆಕೆಂಡಿನಲ್ಲಿ ವಸ್ತು 1.2 ಮೀಟರು ಬೀಳುವುದು. ಒಂದು ಸೆಕೆಂಡಿನಲ್ಲಿ 4.9 ಮೀಟರು, ಎರಡು ಸೆಕೆಂಡುಗಳಲ್ಲಿ 19.6 ಮೀಟರು. ಇದು ಗೆಲಿಲಿಯೋ 17ನೆಯ ಶತಮಾನದಲ್ಲಿ ಜಗತ್ತಿಗೆ ಕೊಟ್ಟ ನಿಯಮ. ಕಾಲವನ್ನು ಎತ್ತರದಿಂದ ಕೊಳ್ಳಬೇಕು. ಎರಡರಷ್ಟು ಕಾಲಕ್ಕೆ ನಾಲ್ಕರಷ್ಟು ಎತ್ತರ, ಮೂರರಷ್ಟು ಕಾಲಕ್ಕೆ ಒಂಬತ್ತರಷ್ಟು ಎತ್ತರ ಬೆಲೆ. ಅಣ್ಣೆಕಲ್ಲು ಆಡುವ ಹುಡುಗಿಯರು ಈ ನಿಯಮವನ್ನು ಓದಿರಲಾರರು. ಆದರೂ ಅವರಲ್ಲಿ ಜಾಣೆಯಾದವಳು ಕಲ್ಲನ್ನು ಬಹಳ ಎತ್ತರಕ್ಕೆ ಎಸೆಯುವುದಿಲ್ಲ, ಕೈಯನ್ನು ಚುರುಕುಗೊಳಿಸುತ್ತಾಳೆ. ಎತ್ತರಕ್ಕೆ ಎಸೆದ ಕಲ್ಲು ನೇರವಾಗಿ ಕೈಗೆ ಬರುವುದಿಲ್ಲವೆಂಬುದು ಅವಳಿಗೆ ಅನುಭವದಿಂದ ತಿಳಿದಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬಾಚುವಾಗ ಅವಳ ಕಣ್ಣು ನೆಲದ ಮೇಲಿದೆ, ಗಾಳಿಯಲ್ಲಿರುವ ಕಲ್ಲಿನ ಮೇಲಲ್ಲ. ಕಲ್ಲು ಎಲ್ಲಿ ಬೀಳುವುದೆಂದು ಅವಳು ನೋಡಿ ತಿಳಿಯಬೇಕಾಗಿಲ್ಲ. ಎಸೆಯುವಾಗಲೇ ಅದನ್ನು ಗೊತ್ತುಮಾಡಿದ್ದಾಳೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಶಾನನ್ನನ ಜಮಾಖರ್ಚು

ಕ್ಲಾಡ್ ಶಾನನ್ (1916–2001) ಅಮೆರಿಕದ ಗಣಿತಜ್ಞ. 1948ರಲ್ಲಿ ಮಾಹಿತಿ ಸಿದ್ಧಾಂತವನ್ನು ಪ್ರಕಟಿಸಿದ ಈತನ ಹೆಸರನ್ನು ಅರಿಯದ ತಂತ್ರಜ್ಞರಿಲ್ಲ. ಈತನಿಗೆ ಚೆಂಡಾಟದ ಹುಚ್ಚು ಬಹಳ. ಬೆಲ್ ಪ್ರಯೋಗಾಲಯದ ಹಜಾರಗಳಲ್ಲಿ ಒಂಟಿಚಕ್ರದ ಸೈಕಲ್ಲನ್ನು ತುಳಿಯುತ್ತ ಚೆಂಡುಗಳನ್ನು ಆಡಿಸುತ್ತಿದ್ದನೆಂದು ಪ್ರಸಿದ್ಧಿ. ಉಕ್ಕಿನ ಗುಂಡುಗಳನ್ನು ಪುಟಿಸಿ ಆಡುವ ಯಂತ್ರವನ್ನೂ ಆತನು ಕಟ್ಟಿದನು. ಆಟಕ್ಕೆ ಒಂದು ಸೂತ್ರವನ್ನೂ ಆತನೇ ಕೊಟ್ಟನು. ಅದನ್ನು ಜಮಾಖರ್ಚಿನ ಪುಸ್ತಕದಂತೆ ಎರಡು ಕಡೆಯಿಂದ ಬರೆಯಬಹುದು.

ಚೆಂಡಿನ ಜೀವನದಲ್ಲಿ ಎರಡೇ ಅವಸ್ಥೆಗಳು: ಗಾಳಿಯಲ್ಲಿರುವುದು, ಕೈಯಲ್ಲಿರುವುದು. ಕೈಯ ಜೀವನದಲ್ಲಿಯೂ ಎರಡೇ: ಚೆಂಡನ್ನು ಹಿಡಿದಿರುವುದು, ಬರಿದಾಗಿರುವುದು. ಈಗ ಒಂದು ನಿಮಿಷದಲ್ಲಿ ಎಷ್ಟು ಹಿಡಿತಗಳಾದುವೆಂದು ಚೆಂಡುಗಳ ಕಡೆಯಿಂದ ಎಣಿಸಿ. ಆಮೇಲೆ ಕೈಗಳ ಕಡೆಯಿಂದ ಎಣಿಸಿ. ಪ್ರತಿಯೊಂದು ಹಿಡಿತದಲ್ಲಿಯೂ ಒಂದು ಚೆಂಡು, ಒಂದು ಕೈ ಸೇರಿರುವುದರಿಂದ ಎರಡು ಮೊತ್ತಗಳೂ ಸಮವಾಗಿರಲೇಬೇಕು. ಇದರಿಂದ ಹೊರಡುವ ಸೂತ್ರ ಹೀಗಿದೆ: ಚೆಂಡಿನ ಒಂದು ಸುತ್ತಿನ ಕಾಲವನ್ನು ಕೈಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೂ, ಕೈಯ ಒಂದು ಸುತ್ತಿನ ಕಾಲವನ್ನು ಚೆಂಡುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೂ ಒಂದೇ.

ಅಂಕಿಗಳಿಂದ ನೋಡೋಣ. ಆಟಗಾರನ ಪ್ರತಿಯೊಂದು ಕೈಯೂ ಚೆಂಡನ್ನು 0.3 ಸೆಕೆಂಡು ಹಿಡಿದಿದ್ದು, 0.2 ಸೆಕೆಂಡು ಬರಿದಾಗಿರುವುದೆಂದು ಭಾವಿಸಿ. ಕೈಯ ಸುತ್ತು ಅರ್ಧ ಸೆಕೆಂಡು. ಒಂದು ಕೈಗೆ ನಿಮಿಷಕ್ಕೆ 120 ಹಿಡಿತ. ಎರಡು ಕೈಗಳಿಗೆ 240. ಮೂರು ಚೆಂಡುಗಳಿದ್ದರೆ ಒಂದೊಂದರ ಪಾಲಿಗೆ 80 ಹಿಡಿತ. ಎಂದರೆ ಚೆಂಡಿನ ಸುತ್ತು 0.75 ಸೆಕೆಂಡು. ಅದರಲ್ಲಿ ಕೈಯಲ್ಲಿರುವ 0.3ನ್ನು ಕಳೆದರೆ ಗಾಳಿಯಲ್ಲಿರುವ ಕಾಲ 0.45 ಸೆಕೆಂಡು. ಇಷ್ಟು ಹೊತ್ತು ಗಾಳಿಯಲ್ಲಿರಲು ಚೆಂಡು ಕೈಯಿಂದ 25 ಸೆಂಟಿಮೀಟರು ಏರಿದರೆ ಸಾಕು; ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

ಕೈಯ ಈ ತಾಳವನ್ನು ಬದಲಿಸದೆ ಚೆಂಡುಗಳನ್ನು ಹೆಚ್ಚಿಸುತ್ತ ಹೋದರೆ ಲೆಕ್ಕ ಹೀಗೆ ನಡೆಯುವುದು:

3 ಚೆಂಡು: ಗಾಳಿಯಲ್ಲಿ 0.45 ಸೆಕೆಂಡು, ಎತ್ತರ 0.25 ಮೀಟರು.
5 ಚೆಂಡು: ಗಾಳಿಯಲ್ಲಿ 0.95 ಸೆಕೆಂಡು, ಎತ್ತರ 1.1 ಮೀಟರು.
7 ಚೆಂಡು: ಗಾಳಿಯಲ್ಲಿ 1.45 ಸೆಕೆಂಡು, ಎತ್ತರ 2.6 ಮೀಟರು.
9 ಚೆಂಡು: ಗಾಳಿಯಲ್ಲಿ 1.95 ಸೆಕೆಂಡು; ಎತ್ತರ 4.7 ಮೀಟರು.
11 ಚೆಂಡು: ಗಾಳಿಯಲ್ಲಿ 2.45 ಸೆಕೆಂಡು; ಎತ್ತರ 7.35 ಮೀಟರು.

ಚೆಂಡುಗಳು ನಾಲ್ಕು ಪಟ್ಟೂ ಆಗಲಿಲ್ಲ. ಎತ್ತರ ಮೂವತ್ತು ಪಟ್ಟು ಆಯಿತು! ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ, ಕೇವಲ ತನ್ನ ಭಾರದಿಂದ ನಿಂತಿರುವ ದೀಪಸ್ತಂಭವನ್ನು ನೋಡದವರು ಕಡಮೆ. ಅದರ ಎತ್ತರ ಸುಮಾರು 42 ಅಡಿ ಎನ್ನುತ್ತಾರೆ. ಮೇಲಿನ ತಾಳದಲ್ಲಿ ಹದಿನಾಲ್ಕು ಚೆಂಡುಗಳನ್ನು ಆಡಬೇಕೆನ್ನುವವನು ಪ್ರತಿಯೊಂದು ಚೆಂಡನ್ನೂ ಹೆಚ್ಚು ಕಡಮೆ ಆ ಕಂಬದ ತುದಿಯಷ್ಟು ಮೇಲಕ್ಕೆ, ಸೆಕೆಂಡಿಗೆ ನಾಲ್ಕರಂತೆ, ಎಸೆಯುತ್ತಿರಬೇಕು.

ಕೈಯನ್ನು ಇನ್ನೂ ಚುರುಕುಗೊಳಿಸಬಾರದೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೈಯ ಸುತ್ತನ್ನು 0.5ರಿಂದ 0.4 ಸೆಕೆಂಡಿಗೆ ಇಳಿಸಿ, ಅದರಲ್ಲಿ 0.25 ಸೆಕೆಂಡು ಮಾತ್ರ ಚೆಂಡನ್ನು ಹಿಡಿದಿದ್ದರೆ, ಹನ್ನೊಂದು ಚೆಂಡುಗಳಿಗೂ 4.7 ಮೀಟರು ಎತ್ತರವೇ ಸಾಕಾಗುವುದು. ನುರಿತ ಆಟಗಾರರು ಹೀಗೆಯೇ ಮಾಡುವರು. ಆದರೆ ಕೈಯೂ ಒಂದು ಭಾರವುಳ್ಳ ವಸ್ತು. ಅದನ್ನು ಹಿಂದು ಮುಂದಾಗಿ ಎಷ್ಟು ಬೇಗ ತಿರುಗಿಸಬಹುದೆಂಬುದಕ್ಕೆ ಮಿತಿಯುಂಟು. ಚೆಂಡನ್ನು 7.35 ಮೀಟರು ಏರಿಸಬೇಕಾದರೆ ಅದು ಸೆಕೆಂಡಿಗೆ 12 ಮೀಟರು ವೇಗದಿಂದ ಕೈಬಿಡಬೇಕು. ಕೈಯು ಅರ್ಧ ಮೀಟರು ದೂರದಲ್ಲಿ ಆ ವೇಗವನ್ನು ಕೊಡಬೇಕಾದರೆ, ಅದರ ವೇಗೋತ್ಕರ್ಷವು ಗುರುತ್ವಾಕರ್ಷಣೆಯ ವೇಗೋತ್ಕರ್ಷದ ಸುಮಾರು ಹದಿನೈದು ಪಟ್ಟಾಗಿರಬೇಕು. ಮೂರು ಚೆಂಡುಗಳಿಗೆ ಅದರ ಅರ್ಧ ಪಟ್ಟು ಸಾಕಾಗಿತ್ತು.

ಬೆಸ ಮತ್ತು ಸಮ

ಮುಂದುವರಿಯುವ ಮೊದಲು, ಎಲ್ಲರ ಕಣ್ಣಿಗೂ ಬೀಳುವ ಒಂದು ವಿಶೇಷವನ್ನು ನೋಡೋಣ. ಮೂರು, ಐದು, ಏಳು ಚೆಂಡುಗಳನ್ನು ಆಡುವಾಗ ಪ್ರತಿಯೊಂದು ಚೆಂಡೂ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದು. ಎರಡು ಕಡೆಯ ದಾರಿಗಳು ನಡುವೆ ಒಂದನ್ನೊಂದು ಅಡ್ಡಹಾಯುವುವು. ನಾಲ್ಕು, ಆರು, ಎಂಟನ್ನು ಆಡುವಾಗ ಬಲಗೈಯ ಚೆಂಡುಗಳು ಬಲಗೈಗೇ, ಎಡಗೈಯವು ಎಡಗೈಗೇ ಮರಳುವುವು. ಇದು ಆಟಗಾರರ ಸಂಪ್ರದಾಯವೆಂದು ತೋರಬಹುದು. ಆದರೆ ಇದು ಅಂಕಗಣಿತದ ಕಟ್ಟಳೆ.

ಕೈಗಳು ಬಲ, ಎಡ, ಬಲ, ಎಡ ಎಂದು ತಾಳಕ್ಕೆ ಸರಿಯಾಗಿ ಎಸೆಯುತ್ತಿವೆ. ಎಲ್ಲ ಚೆಂಡುಗಳೂ ಸರದಿಯಲ್ಲಿ ಬರುವುದರಿಂದ, ಮೂರು ಚೆಂಡುಗಳಿದ್ದರೆ ಒಂದನೆಯ ಪೆಟ್ಟಿನಲ್ಲಿ ಹೊರಟ ಚೆಂಡಿನ ಸರದಿ ಮತ್ತೆ ನಾಲ್ಕನೆಯ ಪೆಟ್ಟಿಗೆ ಬರುವುದು. ಒಂದನೆಯ ಪೆಟ್ಟು ಬಲಗೈಯದಾದರೆ ನಾಲ್ಕನೆಯದು ಎಡಗೈಯದು. ಚೆಂಡು ಕೈ ಬದಲಿಸಲೇಬೇಕು. ನಾಲ್ಕು ಚೆಂಡುಗಳಿದ್ದರೆ ಸರದಿ ಐದನೆಯ ಪೆಟ್ಟಿಗೆ. ಅದು ಮತ್ತೆ ಬಲಗೈಯೇ. ಆದುದರಿಂದ ಸಮಸಂಖ್ಯೆಯ ಆಟವೆಂದರೆ ಎರಡು ಕೈಗಳು ಅಕ್ಕಪಕ್ಕದಲ್ಲಿ ಆಡುವ ಎರಡು ಬೇರೆ ಆಟಗಳು.

ಪೆಟ್ಟುಗಳನ್ನು ಎಣಿಸುವ ಈ ಕ್ರಮದಿಂದಲೇ 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿಯೂ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿಯೂ ಬೇರೆ ಬೇರೆಯಾಗಿ ಒಂದು ಅಂಕಿಬರಹ ಹುಟ್ಟಿತು. ಎಸೆದ ಚೆಂಡಿನ ಸರದಿ ಎಷ್ಟು ಪೆಟ್ಟುಗಳ ನಂತರ ಬರುವುದೋ ಆ ಸಂಖ್ಯೆಯೇ ಆ ಎಸೆತದ ಹೆಸರು. 4, 4, 1 ಎಂದು ಸುತ್ತಿ ಸುತ್ತಿ ಎಸೆಯುವುದು ಒಂದು ಆಟ. 5, 3, 1 ಇನ್ನೊಂದು. ಇವೆರಡರಲ್ಲಿಯೂ ಅಂಕಿಗಳ ಸರಾಸರಿ 3. ಎರಡಕ್ಕೂ ಬೇಕಾಗುವುದು ಮೂರು ಚೆಂಡುಗಳು. ಸರಾಸರಿ ಪೂರ್ಣಸಂಖ್ಯೆಯಾಗದಿದ್ದರೆ ಅಂಥ ಆಟವೇ ಸಾಧ್ಯವಿಲ್ಲ.

ಗುರಿಯ ಇಕ್ಕಟ್ಟು

ಈಗ ಎತ್ತರದ ಬೆಲೆಯ ಮಾತಿಗೆ ಬರೋಣ. ಚೆಂಡು ಕೈಯ ಎರಡೂ ಮಗ್ಗುಲಲ್ಲಿ ಹತ್ತು ಸೆಂಟಿಮೀಟರಿನೊಳಗೆ ಬಂದರೆ ಹಿಡಿಯಬಹುದು, ಹೊರಗೆ ಹೋದರೆ ಆಟ ಕೆಡುವುದು ಎಂದು ಇಟ್ಟುಕೊಳ್ಳೋಣ. ಎಸೆಯುವ ದಿಕ್ಕಿನಲ್ಲಿ ಎಷ್ಟು ಕೋನದ ತಪ್ಪು ನಡೆದೀತು? ಬಹುಮಟ್ಟಿಗೆ ನೇರವಾಗಿ ಮೇಲಕ್ಕೆ ಎಸೆದ ಚೆಂಡು ತನ್ನ ಗುರಿಯಿಂದ ಅಡ್ಡಕ್ಕೆ ಸರಿಯುವ ದೂರವು, ಎತ್ತರದ ನಾಲ್ಕರಷ್ಟನ್ನು ಕೋನದ ತಪ್ಪಿನಿಂದ ಗುಣಿಸಿದಷ್ಟು. ಇಲ್ಲಿ ಕೋನವನ್ನು ರೇಡಿಯನ್ನುಗಳಲ್ಲಿ ತೆಗೆದುಕೊಳ್ಳಬೇಕು. ಎತ್ತರ ಹೆಚ್ಚಿದಂತೆ ಅನುಮತಿಸಬಹುದಾದ ತಪ್ಪು ಅದೇ ಪ್ರಮಾಣದಲ್ಲಿ ಕುಗ್ಗುವುದು.

ಮೂರು ಚೆಂಡುಗಳಿಗೆ ಸುಮಾರು 6 ಡಿಗ್ರಿ ತಪ್ಪಬಹುದು. ಐದಕ್ಕೆ 1.3 ಡಿಗ್ರಿ; ಏಳಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು; ಹನ್ನೊಂದಕ್ಕೆ ಡಿಗ್ರಿಯ ಐದನೆಯ ಒಂದು ಭಾಗ. ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕಾದರೆ ಗಡಿಯಾರದ ನಿಮಿಷದ ಮುಳ್ಳನ್ನು ನೋಡಿ. ಅದು ಒಂದು ನಿಮಿಷದಲ್ಲಿ 6 ಡಿಗ್ರಿ ತಿರುಗುವುದು. ಮೂರು ಚೆಂಡುಗಳ ಆಟಗಾರನ ಕೈಗೆ ಮುಳ್ಳಿನ ಒಂದು ನಿಮಿಷದಷ್ಟು ಸಡಿಲವುಂಟು. ಹನ್ನೊಂದು ಚೆಂಡುಗಳವನಿಗೆ ಇರುವುದು ಅದೇ ಮುಳ್ಳು ಎರಡು ಸೆಕೆಂಡುಗಳಲ್ಲಿ ಸರಿಯುವಷ್ಟು. ಅಷ್ಟು ಚಲನೆಯನ್ನು ನಾವು ಮುಳ್ಳನ್ನು ದಿಟ್ಟಿಸಿ ನೋಡುತ್ತಿದ್ದರೂ ಗುರುತಿಸಲಾರೆವು.

ವೇಗದಲ್ಲಿಯೂ ಇದೇ ಇಕ್ಕಟ್ಟು. ಎಸೆತದ ವೇಗ ನೂರಕ್ಕೆ ಒಂದು ಭಾಗ ಹೆಚ್ಚಾದರೆ ಎತ್ತರ ನೂರಕ್ಕೆ ಎರಡು ಭಾಗ ಹೆಚ್ಚುವುದು. ಮೂರು ಚೆಂಡುಗಳ ಆಟದಲ್ಲಿ ಇದು ಅರ್ಧ ಸೆಂಟಿಮೀಟರು, ಯಾರೂ ಗಮನಿಸರು. ಹನ್ನೊಂದರಲ್ಲಿ ಇದು ಹದಿನೈದು ಸೆಂಟಿಮೀಟರು. ಅದೂ ಅಲ್ಲದೆ, ಮೂರು ಚೆಂಡುಗಳಲ್ಲಿ ಗಾಳಿಯಲ್ಲಿರುವುವು ಸರಾಸರಿ ಎರಡಕ್ಕಿಂತ ಕಡಮೆ. ಹನ್ನೊಂದರಲ್ಲಿ ಹತ್ತರ ಹತ್ತಿರ. ಚೆಂಡು ತನ್ನ ಹಾರಾಟದ ಕಾಲದಲ್ಲಿ ಅರ್ಧ ಭಾಗವನ್ನು ಎತ್ತರದ ಮೇಲಿನ ಕಾಲುಭಾಗದಲ್ಲಿಯೇ ಕಳೆಯುವುದರಿಂದ ಅವು ತುದಿಯಲ್ಲಿ ಗುಂಪುಗೂಡುವುವು. ಎರಡೆರಡಾಗಿ ಎಣಿಸಿದರೆ ಮೂರು ಚೆಂಡುಗಳಲ್ಲಿ ಮೂರು ಜೋಡಿಗಳು, ಹನ್ನೊಂದರಲ್ಲಿ ಐವತ್ತೈದು. ಒಂದು ಜೋಡಿ ತಾಗಿದರೂ ಆಟ ಮುಗಿಯಿತು.

ತಡವಾಗಿ ಬರುವ ಸುದ್ದಿ

ಇಲ್ಲಿಯವರೆಗೆ ಹೇಳಿದುದೆಲ್ಲ ಪ್ರಮಾಣದ ಮಾತು. ಎತ್ತರ ಹೆಚ್ಚು, ಗುರಿ ಕಿರಿದು, ಗುಂಪು ದಟ್ಟ. ಆಟದ ಸ್ವಭಾವವೇ ಬದಲಾಗುವುದು ಬೇರೊಂದು ಕಾರಣದಿಂದ.

ಮೇಲಿನ ಲೆಕ್ಕದಲ್ಲಿ ಒಂದು ಸಂಗತಿ ವಾಚಕರಿಗೆ ವಿಚಿತ್ರವಾಗಿ ತೋರಿರಬಹುದು. ಮೂರು ಚೆಂಡುಗಳಾದರೂ ಹನ್ನೊಂದಾದರೂ ನಿಮಿಷಕ್ಕೆ ಹಿಡಿತಗಳು 240 ಮಾತ್ರವೇ. ಕೈಗೆ ಚೆಂಡು ಬರುವುದು ಅದೇ ತಾಳದಲ್ಲಿ. ಹಿಡಿಯುವ ಕೆಲಸ ಎಳ್ಳಷ್ಟೂ ಹೆಚ್ಚಿಲ್ಲ! ಹಾಗಾದರೆ ನೋಡುವವರು 'ಅಷ್ಟು ಚೆಂಡುಗಳನ್ನು ಹೇಗೆ ಹಿಡಿಯುತ್ತಾನೆ!' ಎಂದು ಬೆರಗಾಗುವುದು ತಪ್ಪು ಜಾಗದಲ್ಲಿ ಬೆರಗಾಗುವುದು. ಕಷ್ಟವಿರುವುದು ಎಸೆಯುವುದರಲ್ಲಿ.

ಎಸೆತ ತಪ್ಪಿತೆಂದು ಆಟಗಾರನಿಗೆ ತಿಳಿಯುವುದು ಯಾವಾಗ? ಸಾಮಾನ್ಯವಾಗಿ ಆಟಗಾರರು ಕೈಯನ್ನು ನೋಡುವುದಿಲ್ಲ. ಚೆಂಡು ಏರಿ ತಿರುಗುವ ತುದಿಯ ಕಡೆ ನೋಡುವರು. ಅಲ್ಲಿ ಚೆಂಡು ಮೆಲ್ಲಗೆ ಚಲಿಸುವುದರಿಂದ ಅದು ಎಲ್ಲಿ ಇಳಿಯುವುದೆಂದು ತಿಳಿಯುವುದು ಸುಲಭ. ಎಂದರೆ, ಹಾರಾಟದ ಅರ್ಧ ಕಾಲ ಕಳೆದ ಮೇಲೆ ಸುದ್ದಿ ಬರುವುದು. ಮೂರು ಚೆಂಡುಗಳಲ್ಲಿ ಈ ಅರ್ಧ ಕಾಲ 0.22 ಸೆಕೆಂಡು. ಅಷ್ಟರಲ್ಲಿ ಕೈಗಳು ಇನ್ನೊಂದು ಚೆಂಡನ್ನು ಮಾತ್ರ ಎಸೆದಿರುವುವು. ತಪ್ಪಿದ ಚೆಂಡಿನತ್ತ ಕೈಯನ್ನು ಒಂದಿಷ್ಟು ಚಾಚಿದರಾಯಿತು. ಮುಂದಿನ ಎಸೆತವನ್ನು ತಿದ್ದಿದರಾಯಿತು. ಕಲಿಯುವವರ ಆಟವನ್ನು ನೋಡಿ: ಅವರು ಮುಂದೆ ಮುಂದೆ ನಡೆಯುವರು, ಬಾಗುವರು, ಕೈಚಾಚುವರು, ಆದರೂ ಆಟ ನಡೆಯುತ್ತಿರುವುದು. ಕೆಲವು ಚೆಂಡುಗಳ ಆಟವೆಂದರೆ ತಪ್ಪುಮಾಡುವುದು, ಕೂಡಲೇ ತಿದ್ದುವುದು. ಮತ್ತೆ ತಪ್ಪುಮಾಡುವುದು, ಮತ್ತೆ ತಿದ್ದುವುದು.

ಐದು ಚೆಂಡುಗಳಲ್ಲಿ ಸುದ್ದಿ ಬರುವಷ್ಟರಲ್ಲಿ ಎರಡು ಎಸೆತಗಳಾಗಿರುವುವು. ಏಳರಲ್ಲಿ ಮೂರು, ಒಂಬತ್ತರಲ್ಲಿ ನಾಲ್ಕು, ಹನ್ನೊಂದರಲ್ಲಿ ಐದು. ಒಂದು ಎಸೆತದಲ್ಲಿ ಕೈ ಕೊಂಚ ಮುಂದಕ್ಕೆ ವಾಲಿತ್ತೆಂದು ಭಾವಿಸಿ. ಆ ಸುದ್ದಿ ಕಣ್ಣಿಗೆ ತಲಪುವ ವೇಳೆಗೆ, ಅದೇ ವಾಲಿದ ಕೈಯಿಂದಲೂ ಅದರ ಜೊತೆಗಾರನಿಂದಲೂ ಇನ್ನೈದು ಚೆಂಡುಗಳು ಹೊರಟುಹೋಗಿವೆ. ಅವನ್ನು ಹಿಂದಕ್ಕೆ ಕರೆಯುವಂತಿಲ್ಲ. ಒಂದನ್ನು ಹಿಡಿಯಲು ಕೈ ಚಾಚಿದರೆ, ಆ ಚಾಚಿದ ಸ್ಥಳದಿಂದ ಮಾಡುವ ಎಸೆತವೂ ಕೆಡುವುದು; ಅದರ ಸುದ್ದಿಯೂ ತಡವಾಗಿಯೇ ಬರುವುದು. ತಿದ್ದುವ ಪ್ರಯತ್ನವೇ ಹೊಸ ತಪ್ಪುಗಳನ್ನು ಹುಟ್ಟಿಸುವುದು. ಹಳೆಯ ಸ್ನಾನದ ಮನೆಯಲ್ಲಿ, ಬಿಸಿನೀರು ಉದ್ದವಾದ ಕೊಳವೆಯಲ್ಲಿ ಹರಿದು ಬರುವಾಗ, ತಣ್ಣಗಿದೆಯೆಂದು ನಲ್ಲಿಯನ್ನು ತಿರುಗಿಸಿ, ಬಳಿಕ ಸುಡುತ್ತಿದೆಯೆಂದು ಹಿಂದಕ್ಕೆ ತಿರುಗಿಸಿ ಒದ್ದಾಡುವವನ ಸ್ಥಿತಿ ಇದೇ. ಸುದ್ದಿ ತಡವಾದಷ್ಟೂ ತಿದ್ದುವಿಕೆ ಅಪಾಯಕರವಾಗುವುದು. ಯಂತ್ರಗಳನ್ನು ಹತೋಟಿಯಲ್ಲಿಡುವ ಎಂಜಿನಿಯರುಗಳಿಗೆಲ್ಲ ಇದು ಪರಿಚಿತವಾದ ತೊಡಕು.

ಆದುದರಿಂದ ಹಲವು ಚೆಂಡುಗಳ ಆಟದಲ್ಲಿ ತಪ್ಪನ್ನು ತಿದ್ದುವುದೆಂಬುದು ಬಹುಮಟ್ಟಿಗೆ ಇಲ್ಲ. ಎಸೆತವು ಕೈಯಿಂದ ಹೊರಡುವಾಗಲೇ ಸರಿಯಾಗಿರಬೇಕು. ಪ್ರತಿಯೊಂದು ಎಸೆತವೂ ಹಿಂದಿನದರ ಪಡಿಯಚ್ಚಾಗಿರಬೇಕು. ಅಣ್ಣೆಕಲ್ಲಿನ ಹುಡುಗಿಯಂತೆ, ಎಲ್ಲಿ ಬೀಳುವುದೆಂಬುದನ್ನು ಎಸೆಯುವಾಗಲೇ ಗೊತ್ತುಮಾಡಬೇಕು. ಕೆಲವು ಚೆಂಡುಗಳ ಆಟ ಕಣ್ಣಿನ ಆಟ; ಹಲವು ಚೆಂಡುಗಳ ಆಟ ಕೈಯ ನೆನಪಿನ ಆಟ.

ಚಂದ್ರನ ಮೇಲೆ ಆಡಿದರೆ?

ಈ ಮಾತು ನಿಜವೆ ಎಂಬುದನ್ನು ಕಲ್ಪನೆಯ ಒಂದು ಪ್ರಯೋಗದಿಂದ ಪರೀಕ್ಷಿಸಬಹುದು. ಆಟಗಾರನನ್ನು ಚಂದ್ರನ ಮೇಲಕ್ಕೆ ಕರೆದೊಯ್ಯೋಣ. ಅಲ್ಲಿ ಗುರುತ್ವಾಕರ್ಷಣೆ ಭೂಮಿಯ ಆರರಲ್ಲೊಂದು ಪಾಲು. ಹನ್ನೊಂದು ಚೆಂಡುಗಳನ್ನು ಅದೇ ತಾಳದಲ್ಲಿ ಆಡಲು 7.35 ಮೀಟರಿಗೆ ಬದಲು 1.2 ಮೀಟರು ಎತ್ತರ ಸಾಕು. ಎಸೆತದ ವೇಗ ಸೆಕೆಂಡಿಗೆ ಎರಡು ಮೀಟರು, ಮಕ್ಕಳೂ ಎಸೆದಾರು. ಕೋನದ ಸಡಿಲವೂ ಭೂಮಿಯ ಮೇಲಿನ ಐದು ಚೆಂಡುಗಳ ಆಟದಷ್ಟಕ್ಕೆ ಏರುವುದು. ಹಾಗಾದರೆ ಚಂದ್ರನ ಮೇಲೆ ಹನ್ನೊಂದು ಚೆಂಡುಗಳ ಆಟ, ಇಲ್ಲಿಯ ಐದರ ಆಟದಷ್ಟೇ ಸುಲಭವೆ?

ಅಲ್ಲ. ಶಾನನ್ನನ ಸೂತ್ರದಲ್ಲಿ ಗುರುತ್ವಾಕರ್ಷಣೆಯ ಮಾತೇ ಇಲ್ಲವೆಂಬುದನ್ನು ಗಮನಿಸಿ. ಚೆಂಡು ಅಲ್ಲಿಯೂ 2.45 ಸೆಕೆಂಡು ಗಾಳಿಯಲ್ಲಿ, ಅಥವಾ ಚಂದ್ರನಲ್ಲಿ ಗಾಳಿಯಿಲ್ಲದುದರಿಂದ ಶೂನ್ಯದಲ್ಲಿ, ಇರಲೇಬೇಕು. ತುದಿ ಮುಟ್ಟುವಷ್ಟರಲ್ಲಿ ಐದು ಎಸೆತಗಳು ಅಲ್ಲಿಯೂ ಆಗಿಹೋಗಿರುವುವು. ಎತ್ತರದ ಕಷ್ಟ ಕರಗಿತು. ಸುದ್ದಿ ತಡವಾಗುವ ಕಷ್ಟ ಹಾಗೆಯೇ ಉಳಿಯಿತು. ಅದು ಭೂಮಿಯಿಂದ ಬಂದುದಲ್ಲ, ಚೆಂಡುಗಳ ಸಂಖ್ಯೆಯಿಂದಲೇ ಬಂದುದು.

ನಾಲ್ಕು ಹಿತ್ತಾಳೆಯ ಗುಂಡುಗಳು

ಈ ಕಲೆ ಬಹು ಹಳೆಯದು. ಈಜಿಪ್ತಿನ ಬೆನಿ ಹಸನ್ ಎಂಬಲ್ಲಿ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಗೋರಿಯೊಂದರ ಗೋಡೆಯ ಮೇಲೆ ಚೆಂಡುಗಳನ್ನು ಆಡಿಸುವ ಹೆಂಗಸರ ಚಿತ್ರವಿದೆ. 19ನೆಯ ಶತಮಾನದ ಮೊದಲಲ್ಲಿ ಭಾರತದ ಆಟಗಾರರು ಲಂಡನ್ನಿಗೆ ಹೋಗಿ ಜನರನ್ನು ಬೆರಗುಗೊಳಿಸಿದರು. ಅವರಲ್ಲಿ ಹೆಸರಾದವನನ್ನು ಇಂಗ್ಲಿಷರು 'ರಾಮೋ ಸಾಮಿ' ಎಂದು ಕರೆದರು. ನಮ್ಮ ಬಾಯಲ್ಲಿ ಅದು ರಾಮಸ್ವಾಮಿ ಎಂದಿರಬೇಕು. ಆತನು 1850ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಇಂಗ್ಲಿಷ್ ಪ್ರಬಂಧಕಾರನಾದ ವಿಲಿಯಂ ಹ್ಯಾಜ್ಲಿಟ್ ಭಾರತದ ಆಟಗಾರರನ್ನು ಕುರಿತು ಬರೆದ ಪ್ರಬಂಧ 1821ರಲ್ಲಿ ಪುಸ್ತಕದಲ್ಲಿ ಪ್ರಕಟವಾಯಿತು. ನಾಲ್ಕು ಹಿತ್ತಾಳೆಯ ಗುಂಡುಗಳನ್ನು ಒಮ್ಮೆಗೇ ಆಡಿಸುವವನನ್ನು ಕಂಡು, ತನ್ನ ಬರಹದಲ್ಲಿ ಅಂಥ ಪರಿಪೂರ್ಣತೆ ಎಲ್ಲಿದೆಯೆಂದು ಆತನು ನಾಚಿದನು. ಅಲ್ಲಿಂದ ನೂರು ವರ್ಷಗಳಲ್ಲಿ ಇಟಲಿಯ ಎನ್ರಿಕೊ ರಾಸ್ತೆಲ್ಲಿ (1896–1931) ಹತ್ತು ಚೆಂಡುಗಳವರೆಗೆ ಹೋದನು.

ಇಂಥವರ ಆಟವನ್ನು ನಮ್ಮಲ್ಲಿ ಎಷ್ಟೋ ಮಂದಿ ಕಣ್ಕಟ್ಟೆಂದೋ ಹೊಟ್ಟೆಪಾಡಿನ ವಿದ್ಯೆಯೆಂದೋ ಹಗುರಾಗಿ ಕಾಣುವುದುಂಟು. ಜಾತ್ರೆಯಲ್ಲಿ ಚಾಪೆ ಹಾಸಿ ಆಡಿ ತೋರಿಸಿದವನಿಗೆ ಒಂದು ಕಾಸನ್ನು ಎಸೆದು ಮುಂದೆ ನಡೆಯುವೆವು. ಆದರೆ ಲೆಕ್ಕ ಹೇಳುವುದೇ ಬೇರೆ. ಡಿಗ್ರಿಯ ಅರ್ಧದಷ್ಟು ಕೋನವನ್ನೂ ಸೆಕೆಂಡಿನ ನೂರರಲ್ಲೊಂದೆರಡು ಭಾಗವನ್ನೂ, ಯಾವ ಅಳತೆಗೋಲೂ ಇಲ್ಲದೆ, ಸ್ನಾಯುವಿನಲ್ಲಿಯೇ ಅಳೆದು ನೂರಾರು ಬಾರಿ ತಪ್ಪದೆ ಒಪ್ಪಿಸುವ ಕೈ ಅದು. ಪ್ರಯೋಗಶಾಲೆಯಲ್ಲಿ ಲೋಲಕದ ಕಾಲವನ್ನು ಅಳೆಯಲು ಹೆಣಗುವ ವಿದ್ಯಾರ್ಥಿಗೆ ಆ ಕೈಯ ಬೆಲೆ ಚೆನ್ನಾಗಿ ತಿಳಿದೀತು.

ಕಲಿಯಬೇಕೆನ್ನುವವರಿಗೂ ಈ ಲೆಕ್ಕದಲ್ಲಿ ಒಂದು ಮಾತುಂಟು. ಮೂರು ಚೆಂಡುಗಳಲ್ಲಿ ಪಳಗಿದವನು ಐದಕ್ಕೆ ಹೋಗುವಾಗ, ಇನ್ನಷ್ಟು ಚುರುಕಾಗಿ ಹಿಡಿಯಬೇಕೆಂದು ಎಣಿಸುವುದು ಸಹಜ, ಅದರಿಂದ ಫಲವಿಲ್ಲ. ಮೂರರ ಆಟದಲ್ಲಿ ಓಡಿಹೋಗಿ ಹಿಡಿದು ಮುಚ್ಚಿಟ್ಟ ತಪ್ಪುಗಳೆಲ್ಲ ಐದರಲ್ಲಿ ಒಮ್ಮೆಗೇ ಹೊರಬೀಳುವುವು. ಮೂರು ನಿಂಬೆಹಣ್ಣುಗಳನ್ನು ತೆಗೆದುಕೊಂಡು ಗೋಡೆಗೆ ಎದುರಾಗಿ, ಒಂದು ಮೊಳ ದೂರದಲ್ಲಿ ನಿಂತು ಆಡಿ ನೋಡಿ. ಗೋಡೆ ಅಡ್ಡವಿರುವುದರಿಂದ ಮುಂದಕ್ಕೆ ನಡೆಯುವಂತಿಲ್ಲ. ಅದರ ಮೇಲೆ ತಲೆಯ ಎತ್ತರದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಪ್ರತಿಯೊಂದು ಹಣ್ಣೂ ಆ ಗೆರೆಯವರೆಗೆ ಮಾತ್ರ ಏರುವಂತೆ ಎಸೆಯಿರಿ. ನೂರು ಎಸೆತಗಳಲ್ಲಿ ಎಷ್ಟು ಗೆರೆಯನ್ನು ಮುಟ್ಟಿದುವು, ಎಷ್ಟು ಮೀರಿದುವು, ಎಷ್ಟು ತಲಪಲಿಲ್ಲ ಎಂಬುದನ್ನು ಗೆಳೆಯನೊಬ್ಬನು ಬರೆದುಕೊಳ್ಳಲಿ. ಒಂದು ಹಣ್ಣನ್ನೂ ಕೆಳಕ್ಕೆ ಬೀಳಿಸದಿದ್ದರೂ ಎಷ್ಟು ಎಸೆತಗಳು ತಪ್ಪಿದ್ದುವೆಂಬುದು ಆ ಪಟ್ಟಿಯಿಂದ ತಿಳಿಯುವುದು. ಆ ಸಂಖ್ಯೆ ಇಳಿಯುವವರೆಗೆ ನಾಲ್ಕನೆಯ ಹಣ್ಣನ್ನು ಮುಟ್ಟದಿರುವುದು ಒಳ್ಳೆಯದು.